ಹೆಸರು ಕೇಳುವ ಮೇಜು

1962ರ ಫೆಬ್ರುವರಿ. ರಾಮದುರ್ಗ ತಾಲ್ಲೂಕಿನ ನಮ್ಮೂರ ಕನ್ನಡ ಸಾಲೆಯ ಬಾಗಿಲಿಗೆ ಒರಗಿ ನಿಂತಿದ್ದೆ. ನನಗಾಗ ಏಳು ವರ್ಷ. ದಿನಾ ಪಾಟಿ ಹಿಡಿದು ಕೂಡುತ್ತಿದ್ದ ಕೋಣೆ ಅವತ್ತು ನಮ್ಮದಾಗಿರಲಿಲ್ಲ. ಮಾಸ್ತರರ ಮೇಜನ್ನು ಗೋಡೆಯ ಕಡೆ ಸರಿಸಿದ್ದರು. ಅದರ ಹಿಂದೆ ಗುರುತಿಲ್ಲದ ಮೂವರು ಕೂತಿದ್ದರು. ಮೂಲೆಯಲ್ಲಿ ತಟ್ಟು ಕಟ್ಟಿ ಮರೆ ಮಾಡಿದ್ದರು. ನನ್ನ ಅಜ್ಜಿಯ, ಅಂದರೆ ಆಯಿಯ, ಪಾಳಿ ಬಂತು. ಸೆರಗನ್ನು ಹಣೆಯ ತನಕ ಎಳೆದುಕೊಂಡು ಮೇಜಿನ ಮುಂದೆ ನಿಂತು ತನ್ನ ಹೆಸರು ಹೇಳಿದಳು. ಆ ಹೆಸರಿನವರು ಯಾದಿಯಲ್ಲಿ ಮೂವರಿದ್ದರು.

"ಗಂಡನ ಹೆಸರೇನ್ರಿ ಅವ್ವಾರ?" ಅಂದರು ಅಧಿಕಾರಿ.

ಆಯಿ ಸುಮ್ಮನಾದಳು.

ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳ ಕಾಲದ ಬಹಳಷ್ಟು ಹೆಂಗಸರ ನಂಬಿಕೆ. ಹೇಳಲೇಬೇಕಾದ ಪ್ರಸಂಗ ಬಂದರೆ, ಮದುವೆಯಲ್ಲೋ ಕುಬಸದಲ್ಲೋ, ಒಡಪಿನಲ್ಲಿ ಸುತ್ತಿ ಹೇಳಬೇಕು. ಅಜ್ಜನಿಗೆ ಗೊಡಚಿ ದೇವರ ಹೆಸರಿಟ್ಟಿದ್ದರು. ಹೀಗಾಗಿ ಆಯಿ ಜೀವಮಾನದಲ್ಲಿ ವೀರಭದ್ರನನ್ನೂ ಹೆಸರು ಹಿಡಿದು ಕರೆದವಳಲ್ಲ. "ಗೊಡಚಿ ದೇವರ" ಅಂತಲೇ ಕೈ ಮುಗಿಯುತ್ತಿದ್ದಳು. ಜಾತ್ರೆಯಲ್ಲಿ ತೇರು ಎಳೆಯುವಾಗ ಎಲ್ಲರೂ ದೇವರ ಹೆಸರು ಹಿಡಿದು ಕೂಗಿದರೆ ಇವಳ ತುಟಿ ಅಲುಗುತ್ತಿರಲಿಲ್ಲ.

ಅಧಿಕಾರಿ ಮತ್ತೊಮ್ಮೆ ಕೇಳಿದರು. ಹಿಂದೆ ನಿಂತ ಹೆಂಗಸರು "ಒಡಪು ಹಚ್ಚಿ ಹೇಳ ಬೇ ಎಕ್ಕಾ" ಅಂತ ನಕ್ಕರು. ಆಯಿ ಹೊರಳಿ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ನಿಂತೇ ಅಜ್ಜನ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಅಧಿಕಾರಿ ಯಾದಿಯಲ್ಲಿ ಗೆರೆ ಎಳೆದರು, ಆಯಿಯ ಎಡಗೈ ಬೆರಳಿಗೆ ಮಸಿ ಹಚ್ಚಿದರು, ಮಡಿಚಿದ ಕಾಗದ ಕೊಟ್ಟರು. ಅಳಿಸಿ ಹೋಗದ ಆ ಮಸಿ ಮೈಸೂರಿನ ಬಣ್ಣದ ಕಾರ್ಖಾನೆಯದು. ದೇಶದ ಚುನಾವಣೆಗೆ ಅದು ಬಂದದ್ದೇ ಆ ವರ್ಷ. ಆಯಿಗೆ ಮಸಿಗಿಂತ ಬೇರೆ ಚಿಂತೆ.

"ಡಬ್ಬಿ ಎಲ್ಲಿ ಅದಾವ್ರಿ?" ಅಂತ ಕೇಳಿದಳು.

ಅವಳು ಹಾಗೆ ಕೇಳಿದ್ದು ಸರಿಯೇ ಇತ್ತು. 1952ರಲ್ಲಿ, 1957ರಲ್ಲಿ ಅವಳು ಓಟು ಹಾಕಿದಾಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಡಬ್ಬಿ ಇರುತ್ತಿತ್ತು. ಡಬ್ಬಿಯ ಮೇಲೆ ಚಿತ್ರ ಅಂಟಿಸಿರುತ್ತಿದ್ದರು. ಚೀಟಿಯ ಮೇಲೆ ಏನೂ ಬರೆಯುವುದಿರಲಿಲ್ಲ. ಬೇಕಾದ ಡಬ್ಬಿಯಲ್ಲಿ ಹಾಕಿ ಬಂದರಾಯಿತು. ಜೋಡೆತ್ತಿನ ಡಬ್ಬಿಯ ಮುಂದೆ ಕೈ ಮುಗಿದು ಚೀಟಿ ಹಾಕಿದವರನ್ನು ತಾನೇ ನೋಡಿದ್ದಾಗಿ ಆಯಿ ಹೇಳುತ್ತಿದ್ದಳು. ಈಗ ಎಲ್ಲ ಚಿತ್ರಗಳೂ ಒಂದೇ ಕಾಗದದ ಮೇಲೆ ಬಂದಿದ್ದವು, ಡಬ್ಬಿ ಒಂದೇ ಆಗಿತ್ತು, ಕೈಗೆ ಒಂದು ಶಿಕ್ಕಾ ಕೊಟ್ಟಿದ್ದರು. ಅಧಿಕಾರಿ ಎದ್ದು ಬಂದು ತಿಳಿಸಿ ಹೇಳಿದರು. ಆಯಿ ತಟ್ಟಿನ ಹಿಂದೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅವಳ ಕಾಲು ಮಾತ್ರ ಕಾಣುತ್ತಿದ್ದವು, ಕಾಲುಂಗುರ, ಒಡೆದ ಹಿಮ್ಮಡಿ. ಆ ಹಿಮ್ಮಡಿ ಒಂದೆರಡು ಸಲ ಮೇಲೆದ್ದು ಇಳಿದದ್ದು ನನಗೆ ಇನ್ನೂ ನೆನಪಿದೆ. ಎತ್ತರದ ಹಲಗೆಯ ಮೇಲೆ ಶಿಕ್ಕಾ ಒತ್ತಲು ತುದಿಗಾಲಲ್ಲಿ ನಿಂತಿರಬೇಕು.

ಈ ಆಯಿ ಹುಟ್ಟಿದ್ದು ಯಾರ ಪ್ರಜೆಯಾಗಿ ಎಂದು ನಾನು ಯೋಚಿಸಿದ್ದು ಮಾಸ್ತರನಾದ ಮೇಲೆಯೇ. ನಮ್ಮೂರು ರಾಮದುರ್ಗ ಸಂಸ್ಥಾನದೊಳಗಿತ್ತು. ಭಾವೆ ಮನೆತನದ ರಾಜರು. ಬೈಲಹೊಂಗಲ, ಸವದತ್ತಿ, ಕಿತ್ತೂರು ಇಂಗ್ರೇಜಿಯವರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಒಂದೇ ಮಾತು, ಒಂದೇ ಮಳೆ, ಒಂದೇ ಜೋಳ, ಆದರೆ ಕಾಯ್ದೆ ಎರಡು. 1935ರ ಕಾಯ್ದೆಯ ಪ್ರಕಾರ 1937ರಲ್ಲಿ ಬ್ರಿಟಿಷ್ ಸೀಮೆಯಲ್ಲಿ ಚುನಾವಣೆ ಆದಾಗ ಕಂದಾಯ ಕಟ್ಟುವವರಿಗೆ, ಓದುಬರಹ ಬಲ್ಲವರಿಗೆ, ಅಂಥವರ ಹೆಂಡಂದಿರಲ್ಲಿ ಕೆಲವರಿಗೆ ಓಟು ಸಿಕ್ಕಿತ್ತು. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಅವರ ಸಂಖ್ಯೆ ಮೂರು ಕೋಟಿಯ ಆಸುಪಾಸು. ಸವದತ್ತಿಯ ಜಮೀನುದಾರ ಅದರಲ್ಲಿ ಸೇರಿದ್ದ, ಅವನ ಹೊಲದಲ್ಲಿ ಕಳೆ ಕೀಳುವವಳು ಸೇರಿರಲಿಲ್ಲ. ಸಂಸ್ಥಾನದ ಪ್ರಜೆಗಳಿಗೆ ಆ ಚುನಾವಣೆಯಲ್ಲಿ ಜಾಗವೇ ಇರಲಿಲ್ಲ.

ರಾಮದುರ್ಗದಲ್ಲಿ ಅದರ ಸಿಟ್ಟು ಕೆಟ್ಟ ರೀತಿಯಲ್ಲಿ ಹೊರಬಂತು. ಕರಭಾರ ಇಳಿಸಬೇಕು, ಜನರ ಮಾತಿಗೆ ಆಡಳಿತದಲ್ಲಿ ಬೆಲೆ ಬೇಕು ಎಂದು ಪ್ರಜಾ ಸಂಘ ಚಳವಳಿ ಹೂಡಿತ್ತು. 1939ರ ಏಪ್ರಿಲ್‌ನಲ್ಲಿ ಮುಖಂಡರನ್ನು ಹಿಡಿದಾಗ ಹಳ್ಳಿಗಳಿಂದ ಬಂದ ಜನ ಜೈಲಿಗೆ ನುಗ್ಗಿದರು. ಪೊಲೀಸರು ಸತ್ತರು. ಗಾಂಧೀಜಿ ಆ ಹಿಂಸೆಯನ್ನು ಖಂಡಿಸಿದರು. ಆಮೇಲೆ ಖಟ್ಲೆ ನಡೆದವು, ಗಲ್ಲಿನ ಶಿಕ್ಷೆಗಳಾದವು. ಆಯಿ ಇದನ್ನು ಹೇಳುವಾಗ ಯಾರನ್ನೂ ಹೊಗಳುತ್ತಿರಲಿಲ್ಲ. ಪೊಲೀಸರ ಹೆಂಡಂದಿರೂ ಅತ್ತರು, ಗಲ್ಲಿಗೆ ಹೋದವರ ಹೆಂಡಂದಿರೂ ಅತ್ತರು ಎನ್ನುತ್ತಿದ್ದಳು. ಬಹಳ ದಿನ ನಮ್ಮೂರ ಗಂಡಸರು ರಾತ್ರಿ ಹೊಲದಲ್ಲೇ ಮಲಗುತ್ತಿದ್ದರಂತೆ, ಹಿಡಿದುಕೊಂಡು ಹೋದಾರೆಂದು. ಇಂದು ರಾಮದುರ್ಗದಲ್ಲಿ ಆ ಹೆಸರುಗಳನ್ನು ಹುತಾತ್ಮರೆಂದು ಗೌರವದಿಂದ ನೆನೆಯುತ್ತಾರೆ. ನಾನೂ ನೆನೆಯುತ್ತೇನೆ. ಆದರೆ ಆಯಿ ಹೇಳಿದ ಪೊಲೀಸರ ಹೆಂಡಂದಿರ ಅಳುವನ್ನೂ ಸೇರಿಸಿಯೇ ನೆನೆಯುತ್ತೇನೆ.

1947ರ ಆಗಸ್ಟ್ 15ರ ಬಗ್ಗೆ ಅವಳಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಅವತ್ತು ಸಂಸ್ಥಾನದಲ್ಲಿ ರಾಜರೇ ಇದ್ದರು. 1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಅದೂ ಅವಳಿಗೆ ನೆನಪಿರಲಿಲ್ಲ. ತಲಾಟಿ ಬದಲಾದದ್ದು ನೆನಪಿತ್ತು. ಅವಳು ಸ್ಪಷ್ಟವಾಗಿ ನೆನಪಿಟ್ಟದ್ದು ಅದಾದ ಎರಡು ಮೂರು ವರ್ಷಕ್ಕೆ ಒಬ್ಬ ಮನುಷ್ಯ ಬಗಲಲ್ಲಿ ಕಾಗದದ ಕಟ್ಟು ಹಿಡಿದು ಓಣಿಗೆ ಬಂದು "ಹೆಂಗಸರ ಹೆಸರೂ ಹೇಳ್ರಿ" ಅಂದದ್ದನ್ನು. ಅಲ್ಲಿಯ ತನಕ ಮನೆಗೆ ಬಂದ ಯಾವ ಸರಕಾರಿ ಮನುಷ್ಯನೂ ಅವಳ ಹೆಸರು ಕೇಳಿರಲಿಲ್ಲ. ಇಷ್ಟಕ್ಕೂ ಆ ಮೊದಲ ಯಾದಿ ತಯಾರಿಸುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು, ಹೆಚ್ಚಿನವರು ಉತ್ತರದ ರಾಜ್ಯಗಳವರು. ಇಂಥವನ ಹೆಂಡತಿ, ಇಂಥವಳ ತಾಯಿ ಎಂದಷ್ಟೇ ಬರೆಸಿದರು, ಸ್ವಂತ ಹೆಸರು ಹೇಳಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅಂಥ ನಮೂದುಗಳನ್ನು ಒಪ್ಪಲಿಲ್ಲ. ಕಠಿಣ ನಿರ್ಧಾರ. ಸರಿಯಾದ ನಿರ್ಧಾರವೆಂದೇ ನಾನು ನಂಬಿದ್ದೇನೆ. ಓಟು ಕೊಟ್ಟದ್ದು ಆ ಹೆಂಗಸಿಗೆ. ಅವಳು ಯಾರದೋ ಹೆಂಡತಿ ಎಂಬ ಸಂಬಂಧಕ್ಕೆ ಕೊಟ್ಟದ್ದಲ್ಲ.

ನಮ್ಮ ಆಯಿ ತನ್ನ ಹೆಸರು ಬರೆಸಿದಳು. ಓಟೂ ಹಾಕಿದಳು. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಓಟು ಸಿಕ್ಕದ್ದು 1971ರಲ್ಲಿ. ಅಷ್ಟೊತ್ತಿಗೆ ರಾಮದುರ್ಗದ ಈ ಅಕ್ಷರ ಬಾರದ ಹೆಂಗಸು ಎಷ್ಟೋ ಚುನಾವಣೆ ದಾಟಿದ್ದಳು. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಹೆಮ್ಮೆ ಬರುತ್ತಿತ್ತು. ಆದರೆ ಪೂರ್ತಿ ಹೇಳಬೇಕಾದರೆ ಇನ್ನೊಂದು ಮಾತಿದೆ. 1952ರಿಂದ ಹಿಡಿದು ಅಷ್ಟೂ ಸಲ ಅವಳು ಓಟು ಹಾಕಿದ್ದು ಜಮೀನಿನ ಒಡೆಯರು ಹೇಳಿದಲ್ಲಿಗೆ.

ಅಜ್ಜನದು ಲಾವಣಿ, ಅಂದರೆ ಗೇಣಿ, ಹೊಲ. ಚುನಾವಣೆಯ ಹಿಂದಿನ ರಾತ್ರಿ ಒಡೆಯರ ಮನೆಯ ಆಳು ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದ. ಚಹಾ ಕುಡಿಯುತ್ತಿದ್ದ. ಮಳೆ ಬೆಳೆ ಮಾತಾಡುತ್ತಿದ್ದ. ಏಳುವಾಗ ಚಿತ್ರದ ಹೆಸರು ಹೇಳಿ ಹೋಗುತ್ತಿದ್ದ. ಧಮಕಿ ಇಲ್ಲ, ಬೈಗುಳ ಇಲ್ಲ. ಬೇಕಾಗಿಯೂ ಇರಲಿಲ್ಲ. "ತಟ್ಟಿನ ಹಿಂದ ಯಾರೂ ನೋಡೂದಿಲ್ಲಲ್ಲ ಆಯಿ, ನಿನಗ ಬೇಕಾದ್ದಕ್ಕ ಹಾಕಬಹುದಿತ್ತಲ್ಲ?" ಎಂದು ಕಾಲೇಜಿಗೆ ಹೋಗುತ್ತಿದ್ದಾಗ ಒಮ್ಮೆ ಕೇಳಿದೆ. "ಹೊಲ ಅವರದ ಐತೆಪಾ. ಉಣ್ಣೂದು ಅವರದ, ಓಟು ಬ್ಯಾರೇದವರಿಗೆ ಹಾಕಿದ್ರ ಮನಸ್ಸು ಚುಚ್ಚತೈತಿ" ಅಂದಳು. ಅವಳು ಹೆದರಿ ಹಾಗೆ ಮಾಡಿದ್ದಳೆಂದು ನಾನು ಅಲ್ಲಿಯ ತನಕ ತಿಳಿದಿದ್ದೆ. ಅವಳು ಋಣ ತೀರಿಸುತ್ತಿದ್ದಳು. ಗುಪ್ತ ಮತದಾನದ ಕಾಯ್ದೆ ಹೆದರಿಕೆಯಿಂದ ಕಾಪಾಡಬಲ್ಲದು. ಋಣದ ಮುಂದೆ ಅದು ಏನೂ ಮಾಡಲಾರದು.

1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರಕಾರದ ವಶವಾಯಿತು. ಉಳುವವರು ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಬೇಕಿತ್ತು. ದೇವರಾಜ ಅರಸು ಅವರ ಆ ಕಾಯ್ದೆಯ ಒಂದು ಅಂಶ ನನಗೆ ಬಹಳ ಮೆಚ್ಚುಗೆ: ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಒಡೆಯರಿಗೆ ವಕೀಲರು ಸಿಗುತ್ತಾರೆ, ಅಜ್ಜನಿಗೆ ಸಿಗುವುದಿಲ್ಲ ಎಂಬುದನ್ನು ತಿಳಿದೇ ಬರೆದ ನಿಯಮ. ಅಜ್ಜ ಒಗೆದ ಧೋತರ ಉಟ್ಟು, ಪಟಗಾ ಸುತ್ತಿ, ಒಡೆಯರ ಎದುರಿಗೆ ನಿಂತು ಸರ್ವೇ ನಂಬರು ಹೇಳಿದ. ಎಡಕ್ಕೆ ಯಾರ ಹೊಲ, ಬಲಕ್ಕೆ ಯಾರ ಹೊಲ, ಬಾಂದುಕಲ್ಲು ಎಲ್ಲಿದೆ, ಯಾವ ವರ್ಷ ಬಿಳಿಜೋಳ, ಯಾವ ವರ್ಷ ಹತ್ತಿ, ಎಲ್ಲ ಹೇಳಿದ. ಕೊನೆಗೆ ನಾಲ್ಕು ಎಕರೆ ಉಳಿಯಿತು. ಉತಾರದಲ್ಲಿ ಅವನ ಹೆಸರು ಬಂತು. ಒಡೆಯರ ಮನೆಯ ಜೊತೆ ಮಾತುಕತೆ ನಿಂತಿತು, ಅವರ ಮನೆಯ ಮದುವೆಗೆ ನಮಗೆ ಕರೆಯೋಲೆ ಬರಲಿಲ್ಲ. ಆಯಿಗೆ ಅದು ಬಹಳ ದುಃಖದ ಸಂಗತಿಯಾಗಿತ್ತು. 1978ರ ವಿಧಾನಸಭೆ ಚುನಾವಣೆಯಲ್ಲಿ ಕಟ್ಟೆಯ ಮೇಲೆ ಯಾರೂ ಬಂದು ಕೂಡಲಿಲ್ಲ. ಓಟು ಹಾಕಿ ಬಂದವಳನ್ನು ಅಜ್ಜ ಕೇಳಿದ, "ಯಾವುದಕ್ಕ ಹಾಕಿದಿ?" ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. "ನೀ ಹಾಕಿದ್ದಕ್ಕ ಹಾಕಿಲ್ಲ" ಅಂದಳು. ಅಷ್ಟೇ ಹೇಳಿದಳು. 26 ವರ್ಷ ಹಿಡಿಯಿತು.

ಊರ ಸಾಲೆಯ ಆ ದಿನಗಳ ನಂತರ ನಾನು ಬೆಳೆದದ್ದು ಬೈಲಹೊಂಗಲದಲ್ಲಿ. ಅಪ್ಪ ಅಲ್ಲಿ ಹತ್ತಿ ಗಿರಣಿಯಲ್ಲಿ ಗುಮಾಸ್ತ. ಅವ್ವನ ತವರು ಕಿತ್ತೂರಿನ ಕಡೆ. ಹೀಗಾಗಿ ಕಿತ್ತೂರ ಚನ್ನಮ್ಮ ನಮಗೆ ಪಾಠಕ್ಕಿಂತ ಮೊದಲು ಮನೆಯ ಮಾತಾಗಿ ಬಂದಳು. ಬೈಲಹೊಂಗಲದ ಸಮಾಧಿಯ ಬಳಿ ಆಗ ಇಷ್ಟು ಉದ್ಯಾನ, ಇಷ್ಟು ಕಟ್ಟಡ ಇರಲಿಲ್ಲ. ನಾವು ಹುಡುಗರು ಅಲ್ಲಿ ಗೋಲಿ ಆಡುತ್ತಿದ್ದೆವು. 1829ರ ಫೆಬ್ರುವರಿಯಲ್ಲಿ ಸೆರೆಯಲ್ಲೇ ತೀರಿಕೊಂಡ ರಾಣಿ ನಮ್ಮ ಆಟದ ಬಯಲಿನ ಪಕ್ಕದಲ್ಲಿ ಮಲಗಿದ್ದಾಳೆಂಬುದು ನಮಗೆ ಸಹಜವಾಗಿತ್ತು. ಈಗ ಅಕ್ಟೋಬರ್ ಬಂದರೆ ಕಿತ್ತೂರು ಉತ್ಸವ, ಮೂರು ದಿನ ಸಾವಿರಾರು ಜನ.

ಶಾಲೆಯಲ್ಲಿ ಚನ್ನಮ್ಮನ ಪಾಠ ಮಾಡುವಾಗ ನಾನು ಖಡ್ಗಕ್ಕಿಂತ ಹೆಚ್ಚು ಹೊತ್ತು ಕಾಗದದ ಬಗ್ಗೆ ಮಾತಾಡುತ್ತಿದ್ದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನು ದತ್ತಕ ಮಾಡಿಕೊಂಡ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಗೆ ಹೋಯಿತು. ಅದರ ಮೇಲಿನ ಸಹಿ ಸತ್ತವನದು ಹೌದೋ ಅಲ್ಲವೋ ಎಂದು ಥ್ಯಾಕರೆ ಅನುಮಾನಪಟ್ಟ. ದತ್ತಕವನ್ನು ಒಪ್ಪದೆ ಬೊಕ್ಕಸಕ್ಕೆ ಮುದ್ರೆ ಹಾಕಿದ. ಅಲ್ಲಿಂದ ಅಕ್ಟೋಬರ್ 23ರ ಕಾಳಗ, ಥ್ಯಾಕರೆಯ ಸಾವು, ಡಿಸೆಂಬರಿನಲ್ಲಿ ಕೋಟೆಯ ಪತನ. ಒಂದು ನಾಡು ಉಳಿಯಬೇಕೋ ಬೇಡವೋ ಎಂಬುದು ಇನ್ನೊಬ್ಬ ಒಂದು ಸಹಿಯನ್ನು ಒಪ್ಪುವುದರ ಮೇಲೆ ನಿಂತಿತ್ತು. ಹಾಗೆ ಇನ್ನೊಬ್ಬನ ಒಪ್ಪಿಗೆಯ ಮೇಲೆ ನಿಂತದ್ದನ್ನು ಸ್ವಾತಂತ್ರ್ಯ ಎನ್ನಲಾಗದು ಎಂದು ಚನ್ನಮ್ಮ ತಿಳಿದಿದ್ದಳು, ಅದಕ್ಕೇ ಕಾಳಗಕ್ಕೆಂದು ಕೋಟೆ ಬಾಗಿಲು ತೆರೆಸಿದಳು. ಅವಳ ನಂತರ ಸಂಗೊಳ್ಳಿ ರಾಯಣ್ಣ ಮೊದಲು ಕೈ ಹಾಕಿದ್ದೂ ಕಚೇರಿಗಳಿಗೆ. ಬೀಡಿ ಎಂಬ ಊರಿನ ಕಚೇರಿಗೆ ಬೆಂಕಿ ಬಿತ್ತು. ಯಾರ ಹೊಲ ಯಾರದೆಂದು ಕುಂಪಣಿ ಬರೆದಿಟ್ಟ ಕಾಗದಗಳೇ ತಮ್ಮನ್ನು ಹಾಳು ಮಾಡಿದವೆಂದು ಅವನ ಜೊತೆಯ ರೈತರಿಗೆ ಗೊತ್ತಿತ್ತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಆ ದಿನ ಜನವರಿ 26 ಎಂದು ನಮ್ಮ ಕಡೆಯ ಶಾಲೆಗಳಲ್ಲಿ ಪ್ರತಿ ಗಣರಾಜ್ಯೋತ್ಸವಕ್ಕೂ ಹೇಳುತ್ತ ಬಂದಿದ್ದೇವೆ.

ಅವ್ವನಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದಳು. ನನ್ನ ಶಾಲೆಯ ಪ್ರಗತಿಪತ್ರಕ್ಕೂ ಹೆಬ್ಬೆಟ್ಟೇ ಬೀಳುತ್ತದೆಂದು ನಾನು ನಾಚಿಕೆಯಿಂದ ಅದನ್ನು ಅಪ್ಪನ ಕೈಗೇ ಕೊಡುತ್ತಿದ್ದೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಓಣಿಯ ಹೆಂಗಸರ ಜೊತೆ ಕಂದೀಲು ಹಿಡಿದು ಹೋಗಿ ತನ್ನ ಹೆಸರಿನ ನಾಲ್ಕು ಅಕ್ಷರ ಕಲಿತಳು. ಅದರಾಚೆಗೆ ಕಲಿಯಲಿಲ್ಲ. "ಸಾಕು, ಇಷ್ಟ ಬೇಕಾಗಿತ್ತು ನನಗ" ಅಂದಳು.

ಸವದತ್ತಿಯದು ನನ್ನ ತಪ್ಪಿನ ಕಥೆ. ಅದನ್ನು ಬಿಟ್ಟು ಇದನ್ನೆಲ್ಲ ಬರೆಯುವುದು ಸರಿಯಲ್ಲ. ಮಾಸ್ತರಿಕೆಯ ಬಹುಪಾಲು ವರ್ಷ ನಾನು ಇದ್ದದ್ದು ಸವದತ್ತಿ ತಾಲ್ಲೂಕಿನ ಹಳ್ಳಿಗಳಲ್ಲಿ. ಯಲ್ಲಮ್ಮನ ಗುಡ್ಡ ಕಾಣುವ ಊರುಗಳು. ಹುಣ್ಣಿಮೆಗೆ ಎತ್ತಿನ ಗಾಡಿಗಳ ಸಾಲು, ಭಂಡಾರದ ಹಳದಿ, ಉಧೋ ಉಧೋ ಎಂಬ ಕೂಗು ರಾತ್ರಿಯೆಲ್ಲ. ಆ ಊರುಗಳಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳಿದ್ದರು. ನಮ್ಮ ಮಾತಿನಲ್ಲಿ ಬಿಡುವುದು ಎಂಬ ಪದ ಎಷ್ಟು ಬೇರೆ ಬೇರೆ ಕೆಲಸ ಮಾಡುತ್ತದೆ ನೋಡಿ. ಸೆರೆಯಿಂದ ಬಿಟ್ಟರೆ ಬಿಡುಗಡೆ. ದೇವರಿಗೆ ಬಿಟ್ಟರೆ ಜೀವನಪೂರ್ತಿ ಸೆರೆ. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಗಂಡನಿಲ್ಲ, ಅವಳ ಮಕ್ಕಳಿಗೆ ಹೇಳಿಕೊಳ್ಳುವ ಅಪ್ಪನಿಲ್ಲ. 1934ರಲ್ಲೇ ಮುಂಬೈ ಸರಕಾರ ಇದನ್ನು ನಿಷೇಧಿಸಿತ್ತು. ಆ ಕಾಯ್ದೆ ಸವದತ್ತಿಗೆ ಅನ್ವಯ, ಗಡಿ ದಾಟಿದರೆ ಸಂಸ್ಥಾನದಲ್ಲಿ ಅನ್ವಯವಿಲ್ಲ. 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಿತು. ಮುತ್ತು ಕಟ್ಟಿಸುವುದು ಅಪರಾಧ, ಮುತ್ತು ಕಟ್ಟಿಸಿಕೊಂಡವಳ ಮದುವೆ ಸಿಂಧು ಎಂದಿತು. ಅದಾಗಿ ಹತ್ತು ವರ್ಷದ ಮೇಲೆ ನಡೆದ ಸರಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ದಾಖಲಾದರು, 2007-08ರ ಸಮೀಕ್ಷೆಯೂ ಸೇರಿದ ಮೇಲೆ ಒಟ್ಟು 46,660 ಆಯಿತು. ಮೊದಲ ಸಲ ಹೆಸರು ಹೇಳಲು ಹಿಂಜರಿದವರು ಎಷ್ಟಿದ್ದರೆಂಬುದನ್ನು ಈ ಎರಡು ಸಂಖ್ಯೆ ನೋಡಿದರೆ ಊಹಿಸಬಹುದು.

1989ರಲ್ಲಿ ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೊಸಬರ ಹೆಸರು ಬರೆದುಕೊಳ್ಳಲು ಮಾಸ್ತರರು ಮನೆ ಮನೆ ತಿರುಗಬೇಕಾಯಿತು. ಕೇರಿಯ ಒಂದು ಮನೆಯ ಮುಂದೆ ನಿಂತು ಹುಡುಗಿಯ ಹೆಸರು, ವಯಸ್ಸು ಬರೆದುಕೊಂಡೆ. "ತಂದೆ ಹೆಸರು?" ಅಂದೆ. ಎರಡು ಮೂರು ಮನೆಗಳವರು ಅಲ್ಲೇ ನಿಂತಿದ್ದರು. ಹುಡುಗಿ ನೆಲ ನೋಡಿದಳು. ನಾನು ಇನ್ನೊಮ್ಮೆ ಕೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅವಳು ಒಳಗೆ ಹೋದಳು. ನಾನು ಕಾದೆ. ಯಾರೂ ಬರಲಿಲ್ಲ. ಆ ಅಂಕಣದಲ್ಲಿ ಏನೂ ಬರೆಯದೆ ಮುಂದಿನ ಮನೆಗೆ ನಡೆದೆ. ಸಂಜೆ ಅರ್ಜಿಗಳನ್ನು ಜೋಡಿಸುವಾಗ ಅದನ್ನು ಅಪೂರ್ಣವೆಂದು ಪಕ್ಕಕ್ಕಿಟ್ಟೆ.

ನಾಲ್ಕೈದು ದಿನದ ಮೇಲೆ ಅವಳ ತಾಯಿ ಶಾಲೆಗೆ ಬಂದಳು. ಹಣೆ ತುಂಬ ಭಂಡಾರ, ಕೊರಳಲ್ಲಿ ಕೆಂಪು ಬಿಳಿ ಮಣಿ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು.

"ಮಾಸ್ತರ್ರ, ನನ್ನ ಮಗಳ ಹೆಸರು ಬರದ್ರೇನ್ರಿ?"

"ತಂದೆ ಹೆಸರು ಹೇಳಲಿಲ್ಲವಾ ಆಕಿ. ಹಂಗ ಬರಿಯಾಕ ಬರೂದಿಲ್ಲ."

"ನನ್ನ ಹೆಸರು ಹೆಂಗ ಐತ್ರಿ ಮತ್ತ ಯಾದ್ಯಾಗ? ನಮ್ಮವ್ವನ ಹೆಸರಿಲೆ ಐತಿ. ಆಕೀದು ನನ್ನ ಹೆಸರಿಲೆ ಬರೀರಿ."

ಕಪಾಟು ತೆಗೆದು ಅರ್ಜಿ ಹೊರಗೆಳೆದೆ. ಅಚ್ಚಾದ ಅಕ್ಷರಗಳಲ್ಲಿ ಅಲ್ಲಿ ಇದ್ದದ್ದು ತಂದೆ, ತಾಯಿ, ಗಂಡ ಎಂಬ ಮೂರೂ ಶಬ್ದ. ತಾಯಿ ಎಂಬ ಶಬ್ದ ಕಾಗದದ ಮೇಲೆ ಮೊದಲಿನಿಂದಲೂ ಇತ್ತು. ನೂರಾರು ಅರ್ಜಿ ತುಂಬಿದ ನಾನು ಅದನ್ನು ಓದಿರಲಿಲ್ಲ. ದೆಹಲಿಯಲ್ಲಿ ಕೂತು ನಮೂನೆ ಮಾಡಿದವರಿಗೆ ಈ ತಾಯಿಗೊಂದು ಜಾಗ ಇಡಬೇಕೆಂದು ತೋಚಿತ್ತು. ಗುಡ್ಡದ ಬುಡದಲ್ಲಿ ಇಷ್ಟು ವರ್ಷ ಬಾಳಿದ ಮಾಸ್ತರನಿಗೆ ತೋಚಿರಲಿಲ್ಲ. ಅವಳೆದುರಿಗೇ ಬರೆದೆ. ಅವಳು ಬಗ್ಗಿ, ಓದಲು ಬಾರದಿದ್ದರೂ, ನಾನು ಬರೆದ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು. "ಇದು ನನ್ನ ಹೆಸರೇನ್ರಿ?" ಎಂದು ಬೆರಳಿಟ್ಟು ಕೇಳಿ ಖಾತ್ರಿ ಮಾಡಿಕೊಂಡು ಹೋದಳು. ಅಂದಿನಿಂದ ನಿವೃತ್ತಿಯ ತನಕ ಯಾರ ಮನೆಯ ಮುಂದೆಯೂ ನಾನು ತಂದೆಯ ಹೆಸರನ್ನು ಮೊದಲು ಕೇಳಲಿಲ್ಲ.

2025ರಲ್ಲಿ ರಾಜ್ಯದ ವಿಧಾನಮಂಡಲ ದೇವದಾಸಿಯರ ಬಗ್ಗೆ ಹೊಸ ವಿಧೇಯಕಕ್ಕೆ ಒಪ್ಪಿಗೆ ಕೊಟ್ಟಿತು. ಅವರ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯ ಇರಬಾರದು ಎಂಬುದು ಅದರಲ್ಲಿದೆ. ಸುದ್ದಿ ಓದಿದ ದಿನ ಆ ತಾಯಿಯ ಬೆರಳು ಕಣ್ಣಿಗೆ ಕಟ್ಟಿತು. ಅವಳ ಮಗಳಿಗೆ ಈಗ ಐವತ್ತು ದಾಟಿರಬೇಕು.

ಪಂಚಾಯ್ತಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಿತ್ತು. ಆಮೇಲೆ ಮೂರರಲ್ಲೊಂದಾಯಿತು. ಈಗ ಅರ್ಧಕ್ಕರ್ಧ. ಮೊದಲ ಸಲ ಆರಿಸಿ ಬಂದ ನಮ್ಮ ಸಂಬಂಧಿಕರ ಹೆಂಗಸೊಬ್ಬಳು ಸಭೆಗೆ ಹೋದದ್ದೇ ಕಡಿಮೆ. ಗಂಡ ಹೋಗುತ್ತಿದ್ದ, ಠರಾವು ಪುಸ್ತಕ ಮನೆಗೆ ಬರುತ್ತಿತ್ತು, ಅವಳು ಹಿಟ್ಟಿನ ಕೈ ಒರೆಸಿಕೊಂಡು ಸಹಿ ಮಾಡುತ್ತಿದ್ದಳು. ಅವಳ ಸೊಸೆಯೂ ಈಗ ಸದಸ್ಯೆ. ಸಭೆಗೆ ತಾನೇ ಹೋಗುತ್ತಾಳೆ. ಗಂಡ ಬೈಕಿನಲ್ಲಿ ಬಿಟ್ಟು ಹೊರಗೆ ಕಾಯುತ್ತಾನೆ. ಒಳಗೆ ಬಂದು ಕೂಡುವ ಗಂಡಂದಿರು ಇಂದಿಗೂ ಇದ್ದಾರೆ, ಎಲ್ಲ ಕಡೆಯೂ ಇದ್ದಾರೆ.

ಒಡೆಯರ ಆಳು ಕಟ್ಟೆಗೆ ಬರುವುದು ನಿಂತಿತು, ಆ ಜಾಗಕ್ಕೆ ಬೇರೆಯವರು ಬಂದರು. ಚುನಾವಣೆಯ ಹಿಂದಿನ ರಾತ್ರಿ ನೋಟು ಹಂಚಿದ್ದನ್ನು, ಕುಕ್ಕರು, ಸೀರೆ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಇಸಗೊಂಡು ತಮಗೆ ಬೇಕಾದವರಿಗೆ ಹಾಕುವವರೂ ಇದ್ದಾರೆ, ಇಸಗೊಂಡಿದ್ದಕ್ಕೆ ನಿಯತ್ತು ಇಟ್ಟುಕೊಳ್ಳುವವರೂ ಇದ್ದಾರೆ. ಈ ಎರಡನೆಯವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರಲ್ಲಿ ನಾನು ಆಯಿಯನ್ನು ನೋಡುತ್ತೇನೆ. ಋಣವನ್ನು ತಿಳಿದವರ ಋಣಪ್ರಜ್ಞೆಯನ್ನೇ ಅವರ ವಿರುದ್ಧ ಬಳಸುವವರ ಮೇಲೆ ಮಾತ್ರ ನನ್ನ ಸಿಟ್ಟು ಕಡಿಮೆಯಾಗಿಲ್ಲ. ಆದರೆ 2023ರಿಂದ ಸರಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಅವ್ವನ ವಯಸ್ಸಿನ ಎಷ್ಟೋ ಹೆಂಗಸರ ಖಾತೆಗೆ ಬರುತ್ತಿರುವುದನ್ನು ನಾನು ಅದರ ಜೊತೆ ಸೇರಿಸುವುದಿಲ್ಲ. ಅದು ರಾತ್ರಿ ಬಂದದ್ದಲ್ಲ. ಪಾಸ್‌ಬುಕ್ಕಿನಲ್ಲಿ ಹೆಸರು ಹಿಡಿದು ಬರುತ್ತದೆ, ಬರದಿದ್ದರೆ ಹೋಗಿ ಕೇಳಬಹುದು.

2024ರ ಲೋಕಸಭೆ ಚುನಾವಣೆಗೆ ನಮ್ಮ ಕಡೆ ಮೇ 7ರಂದು ಮತದಾನ. 85 ದಾಟಿದವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ಇತ್ತು. ಅವ್ವನಿಗೆ 88. ಮೊಣಕಾಲು ಏಳಗೊಡುವುದಿಲ್ಲ. ಅರ್ಜಿ ತುಂಬಿಸಿ ಕೊಟ್ಟಿದ್ದೆ. ಕೆಲವು ದಿನ ಮೊದಲೇ ಒಂದು ಬೆಳಿಗ್ಗೆ ಬೈಲಹೊಂಗಲದ ಮನೆಗೆ ಅಧಿಕಾರಿಗಳು ಬಂದರು. ಒಬ್ಬ ಪೊಲೀಸ್, ಒಬ್ಬ ವಿಡಿಯೊ ತೆಗೆಯುವ ಹುಡುಗ, ಕಡತ ಹಿಡಿದ ಹೆಣ್ಣುಮಗಳು ಮುಖ್ಯಸ್ಥೆ. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಮಂಚದ ಮೇಲೆ ಕೂತಿದ್ದಳು. ಮೊಮ್ಮಗ ಓದುವ ಮೇಜನ್ನು ಎದುರಿಗೆ ಎಳೆದು, ಅದರ ಮೇಲೆ ರಟ್ಟಿನ ಮರೆ ನಿಲ್ಲಿಸಿದರು.

"ಹೆಸರು ಹೇಳ್ರಿ ಅಮ್ಮಾ."

ಅವ್ವ ತನ್ನ ಹೆಸರು ಹೇಳಿದಳು. ಯಾರೂ ಕೇಳುವ ಮೊದಲೇ ಅಪ್ಪನ ಹೆಸರನ್ನೂ ಹೇಳಿದಳು, ನೇರವಾಗಿ, ಒಡಪಿಲ್ಲದೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಕಾಯುವುದಕ್ಕೆ ಅವನ ಆಯುಷ್ಯ ಇರಲಿಲ್ಲ. ಘೋಷಣೆಯ ಕಾಗದದ ಮೇಲೆ ಪೆನ್ನು ಹಿಡಿದು ನಾಲ್ಕು ಅಕ್ಷರ ಬರೆದಳು. ಬೆರಳು ನಡುಗುತ್ತಿದ್ದವು. ಕೊನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಹೋಯಿತು. ನಾನು ಪೆನ್ನು ಸರಿ ಹಿಡಿಸಲೆಂದು ಬಗ್ಗಿದೆ.

"ಸರ್, ನೀವು ಹೊರಗ ನಿಲ್ರಿ" ಅಂದಳು ಆ ಅಧಿಕಾರಿ.

"ಕಣ್ಣು ಸರಿಯಾಗಿ ಕಾಣೂದಿಲ್ಲ ಅವ್ವಗ, ಅದಕ್ಕ..."

"ಕಾಣತಾವು ನನಗ" ಅಂದಳು ಅವ್ವ. "ನೀ ಹೋಗು."

ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತೆ. ರಟ್ಟಿನ ಕೆಳಗೆ ಅವ್ವನ ಕಾಲು ಕಾಣುತ್ತಿದ್ದವು, ನೆಲಕ್ಕೆ ಮುಟ್ಟದೆ ತೂಗುತ್ತಿದ್ದವು. ಬಹಳ ಹೊತ್ತು ಹಿಡಿಯಿತು. ವಿಡಿಯೊದ ಹುಡುಗ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೆ ಕಾಗದ ಮಡಿಚುವ ಸಪ್ಪಳ, ಲಕೋಟೆಗೆ ಅಂಟು ಹಚ್ಚುವ ಸಪ್ಪಳ ಕೇಳಿಸಿತು.